ಗಿರಣಿಯಾಕಿಯ ದನಿ

ಆಕೆಗೆ ಎರಡು ಹೆಸರಿದ್ದವು. ಮೊದಲನೆಯದು ಅಪ್ಪ ಅವ್ವ ಇಟ್ಟದ್ದು. ಅದನ್ನು ಯಾರಾದರೂ ಕರೆದರೆ ಆಕೆಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಎರಡನೆಯದನ್ನು ಆಕೆಯೇ ಆರಿಸಿಕೊಂಡಿದ್ದಳು, ಅದೂ ಮೂರು ತಿಂಗಳು ನನ್ನ ತಲೆ ತಿಂದು. ನನ್ನ ಶಾಲೆಯ ಹಾಜರಿ ಪುಸ್ತಕದಲ್ಲಿದ್ದ ಹುಡುಗಿಯರ ಹೆಸರನ್ನೆಲ್ಲ ಓದಿಸಿದಳು. "ಇದು ಸಪ್ಪಗೈತ್ರಿ", "ಇದು ನಮ್ಮ ಸ್ವಾದರತ್ತಿ ಹೆಸರು, ಆಕಿ ಭಾಳ ಜಗಳಗಂಟಿ" ಎಂದು ಒಂದೊಂದನ್ನೇ ತೆಗೆದುಹಾಕಿ ಕೊನೆಗೆ ಒಂದನ್ನು ಉಳಿಸಿಕೊಂಡಳು. ನಿನ್ನ ಮೇಲೆ ಒಂದು ದಿನ ಏನಾದರೂ ಬರೆಯುತ್ತೇನೆ ಎಂದು ನಾನು ಹೇಳಿದಾಗ ಆಕೆ ಹೂಂ ಅಂದಳು. ಒಂದೇ ಶರತ್ತು.

"ಬರೀರಿ. ಹೆಸರ ಮಾತ್ರ ಬ್ಯಾಡ್ರಿ. ಅದನ್ನ ಕರಿಯಾಕ ಇಟಗೊಂಡೇನಿ, ಬರಿಯಾಕಲ್ಲ."

ಆದ್ದರಿಂದ ಇಲ್ಲಿ ಆಕೆ ಬರೀ ಆಕೆ. ಹೋದ ತಿಂಗಳು ಸವಣೂರಿನಿಂದ ಒಂದು ಕಾರ್ಡು ಬಂತು. ಎರಡು ದಿನದ ಜ್ವರ, ಹೋಗಿಬಿಟ್ಟಳಂತೆ. ಕಾರ್ಡು ಹಿಡಿದುಕೊಂಡು ಅತ್ತೆ. ಅಳುವಾಗಲೇ ಆಕೆಯ ಒಂದು ಮಾತು ನೆನಪಾಗಿ ನಗು ಬಂತು, ಆಮೇಲೆ ಇನ್ನೊಂದು. ಆಕೆಯನ್ನು ನೆನೆದು ಬಹಳ ಹೊತ್ತು ಅಳುವುದು ಯಾರಿಂದಲೂ ಆಗದ ಕೆಲಸ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಅಕ್ಕಿಆಲೂರಿಗೆ ಶಾಲೆಯ ಅಕ್ಕೋರಾಗಿ ಬಂದೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ, ಇಪ್ಪತ್ತಮೂರು ವರ್ಷದವಳಿದ್ದರೂ. ಬಾಡಿಗೆಗೆ ಸಿಕ್ಕ ಕೋಣೆ ಒಂದು ಹಿಟ್ಟಿನ ಗಿರಣಿಯ ಬೆನ್ನಿಗೆ ಅಂಟಿಕೊಂಡಿತ್ತು. ನಡುವೆ ಒಂದೇ ಗೋಡೆ. ಗಿರಣಿ ಶುರುವಾದರೆ ನನ್ನ ಪಾತ್ರೆಗಳು ಗೂಡಿನಲ್ಲಿ ಕುಣಿಯುತ್ತಿದ್ದವು. ಗೋಡೆಯ ಸಂದಿನಿಂದ ಹಿಟ್ಟು ಬಂದು ಎಲ್ಲದರ ಮೇಲೂ ಕೂರುತ್ತಿತ್ತು. ನನ್ನ ಹಾರ್ಮೋನಿಯಂನ ತಿದಿ ಒತ್ತಿದರೆ ಸ್ವರಕ್ಕಿಂತ ಮೊದಲು ಹಿಟ್ಟು ಹೊರಗೆ ಬರುತ್ತಿತ್ತು. ಹಾರ್ಮೋನಿಯಂ ಎಂದೆನಲ್ಲ, ನಾನು ಸಂಗೀತದಲ್ಲಿ ಎರಡು ಪರೀಕ್ಷೆ ಪಾಸಾದವಳು. ಆ ಕಾಲದಲ್ಲಿ ಇದನ್ನು ಯಾರೂ ಕೇಳದಿದ್ದರೂ ಹೇಳುವ ಚಟ ನನಗಿತ್ತು.

ಆಕೆ ಆ ಗಿರಣಿಯಲ್ಲಿ ಬೀಸುವ ಕೆಲಸದಲ್ಲಿದ್ದಳು. ಅಗಲ ಭುಜ, ಉದ್ದ ಕೈ, ಲುಂಗಿ, ಮೊಣಕೈವರೆಗೆ ಮಡಚಿದ ಅಂಗಿ. ಊರೆಲ್ಲ ಆಕೆಗೆ 'ಗಿರಣಿಯಾಂವ' ಎನ್ನುತ್ತಿತ್ತು. ನಾನೂ ಮೊದಲ ದಿನ ಜೋಳದ ಡಬ್ಬಿ ಇಟ್ಟು, "ತಮ್ಮಾ, ಸಣ್ಣಗ ಬೀಸಪಾ" ಎಂದಿದ್ದೆ. ತಮ್ಮಾ ಎಂದಾಗ ಆಕೆಯ ಮುಖ ಒಂದು ಸಲ ಸಣ್ಣದಾದದ್ದನ್ನು ನೋಡಿದೆ. ಯಾಕೆಂದು ತಿಳಿಯಲಿಲ್ಲ. ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿ, ತಲೆಯಾಡಿಸಿ ಕೊಡುವುದು ಆಕೆಯ ಪದ್ಧತಿ. ಮಾತು ಬಹಳ ಕಡಿಮೆ. ಮುಖ, ರೆಪ್ಪೆ, ಹುಬ್ಬು ಎಲ್ಲ ಬೆಳ್ಳಗೆ. ಯಾರಾದರೂ ಮುಖ ತೊಳೆದುಕೋ ಎಂದರೆ, "ಪುಕ್ಕಟೆ ಪೌಡರ್ ಐತಿ, ಯಾಕ ತೊಳೀಲಿ?" ಎಂದು ಮೆಲ್ಲಗೆ ಹೇಳುತ್ತಿದ್ದಳು. ಆ ಪೌಡರಿನ ಕೆಳಗೆ ಗಡ್ಡದ ಹಸಿರು ಕಾಣುವುದಿಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಒಂದು ರವಿವಾರ ಮಧ್ಯಾಹ್ನ ಗಿರಣಿ ಬಂದ್ ಆಗಿತ್ತು. ನಾನು ಹಾರ್ಮೋನಿಯಂ ಮುಂದೆ ಕುಳಿತಿದ್ದೆ. ಬಾಗಿಲಲ್ಲಿ ಆಕೆ ನಿಂತಿದ್ದಳು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ.

"ಅಕ್ಕೋರ, ಆ ಪೇಟಿಯೊಳಗ ಹೆಂಗಸಿನ ದನಿ ಎಲ್ಲಿರತೈತ್ರಿ?"

ಪರೀಕ್ಷೆ ಪಾಸಾದವಳಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡುತ್ತಾಳೆಯೇ? ಐದನೆಯ ಕಪ್ಪು ಪಟ್ಟಿಯನ್ನು ಒತ್ತಿ ತೋರಿಸಿ, "ಇಲ್ಲಿಂದ ಶುರು. ಇದಕ್ಕ ಕರಿ ಐದು ಅಂತಾರ. ಗಂಡಸರು ಕರಿ ಒಂದು" ಎಂದೆ.

"ಅಂದ್ರ ಗಂಡಸಿನಿಂದ ಹೆಂಗಸಿಗೆ ಹೋಗಾಕ ಬರೇ ನಾಕ ಪಟ್ಟಿ ದಾರಿ ಐತೇನ್ರಿ?" ಎಂದು ಆಕೆ ಬೆರಗಾಗಿ ಕೇಳಿದಳು. ಆಮೇಲೆ ಹೊಸ್ತಿಲಿನ ಹೊರಗೆ ಕುಳಿತು ಎಲ್ಲವನ್ನೂ ಹೇಳಿದಳು. ಅಷ್ಟು ಮಾತು ಆಕೆಯ ಬಾಯಿಂದ ಅದುವರೆಗೆ ನಾನು ಕೇಳಿರಲಿಲ್ಲ.

"ನಾ ಹುಟ್ಟಿದಾಗಿಂದ ಹೆಣಮಗಳ ಇದ್ದೇನ್ರಿ. ಮಂದಿಗೆ ಗೊತ್ತಿಲ್ಲ, ನನಗ ಗೊತ್ತೈತಿ. ಕೂದ್ಲ ಬಿಟ್ರ ಬೆಳಿತಾವು. ಬಳಿ ಪ್ಯಾಟ್ಯಾಗ ಸಿಗತಾವು. ದನಿ ಮಾತ್ರ ನಮ್ಮಪ್ಪಂದು. ಬಾಯಿ ತೆಗದ್ರ ನಮ್ಮಪ್ಪ ಬಂದು ನಿಂದರತಾನ. ಬಾಗಿಲಾ ಬಡದಾಗ ಒಳಗಿಂದ ಯಾರದು ಅಂತಾರಲ್ರಿ, ನಾವು ಹೊರಗಿಂದ 'ನಾನು' ಅಂತೀವಿ. ಆ 'ನಾನು' ಕೇಳಿ ಒಳಗಿನವ್ರು, ಯಾರೋ ಹೆಣಮಗಳು ಬಂದಾಳ ಅನಬೇಕ್ರಿ. ಅಷ್ಟಾದ್ರ ಸಾಕು ನನಗ."

ಮಾತು ತೋಚದಿದ್ದಾಗ ಪಾಠ ಹೇಳುವುದು ನಮ್ಮ ವೃತ್ತಿಯ ರೋಗ. "ವ್ಯಾಕರಣದಾಗ ನಾನು ಅನ್ನೂದಕ್ಕ ಗಂಡು ಹೆಣ್ಣು ಅನ್ನೂ ಭೇದ ಇಲ್ಲ. ಬಂದೆ, ಹೋದೆ ಅಂದ್ರ ಇಬ್ಬರಿಗೂ ಒಂದ. ಅದಕ್ಕ ಉತ್ತಮ ಪುರುಷ ಅಂತಾರ" ಎಂದೆ.

"ಎಷ್ಟ ಉತ್ತಮ ಇದ್ರೂ ಪುರುಷ ಬ್ಯಾಡ್ರಿ ಅಕ್ಕೋರ. ಅದನ್ನ ಬಿಟ್ಟ ಹೊಂಟೇನಿ."

ಇಬ್ಬರೂ ನಕ್ಕೆವು. ಕಲಿಸುತ್ತೇನೆ ಎಂದೆ. ಆದರೆ ಮದುವೆಯಾಗದ ಅಕ್ಕೋರ ಕೋಣೆಗೆ ಊರು ಗಂಡಸೆನ್ನುವ ಒಬ್ಬರು ಬಂದು ಹೋಗುವುದು ಹೇಗೆ? ಆ ಹೆದರಿಕೆ ನನಗಿತ್ತು, ಸುಳ್ಳು ಹೇಳುವುದಿಲ್ಲ. ಕೊನೆಗೆ ಗಿರಣಿಯ ಮಾಲೀಕರಾದ ಸವಣೂರಿನ ಸಾಹೇಬರ ಹೆಂಡತಿ ನಮ್ಮಿಬ್ಬರ ನಡುವೆ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂರುವುದೆಂದು ಆಯಿತು. ಆ ತಾಯಿ ಎರಡು ತಿಂಗಳು ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದರು.

ನನ್ನ ಪಾಠ ಹಾಳಾಯಿತು. ಆಕೆಗೆ ಶ್ರದ್ಧೆ ಇರಲಿಲ್ಲವೆಂದಲ್ಲ. ಕರಿ ಐದಕ್ಕೆ ದನಿ ಏರಿಸು ಎಂದರೆ ಗಂಟಲಿನ ನರ ಉಬ್ಬಿಸಿ ಏರಿಸುತ್ತಿದ್ದಳು. ಏರಿದ ದನಿ ಹೆಂಗಸಿನದಾಗುತ್ತಿರಲಿಲ್ಲ, ಹೆಂಗಸಿನ ಅಣಕವಾಗುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಗಿರಣಿಯಲ್ಲಿ ಆ ದನಿಯಲ್ಲೇ, "ನಿಮ್ಮ ಜ್ವಾಳ ಆತ ನೋಡ್ರೀ" ಎಂದಳಂತೆ. ಸರದಿಯಲ್ಲಿ ಕುಳಿತ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಊರಿಗೆ ನಾಟಕ ಕಂಪನಿ ಯಾವಾಗ ಬಂತ ಬೇ?" ಎಂದಳು ಒಬ್ಬಳು ಪಕ್ಕದವಳಿಗೆ. ನಾಟಕದಲ್ಲಿ ಹೆಣ್ಣು ಪಾತ್ರ ಹಾಕುವ ಗಂಡಸರ ಕೀರಲು ದನಿ ಎಲ್ಲರಿಗೂ ಗೊತ್ತಿತ್ತು. ಅದರ ಮರುವಾರವೇ ಆಕೆಯ ಗಂಟಲು ಬಾತು ದನಿಯೇ ನಿಂತುಹೋಯಿತು. ಎಂಟು ದಿನ ಕೈಸನ್ನೆಯಲ್ಲಿ ಹಿಟ್ಟು ಬೀಸಿದಳು.

ಸಾಹೇಬರು ನನ್ನ ಬಾಗಿಲಿಗೆ ಬಂದರು. "ಅಕ್ಕೋರ, ನನ್ನ ಗಿರಣಿಗೆ ಇದ್ದದ್ದ ಒಂದ ಬಾಯಿ. ಅದನ್ನೂ ಕೆಡಿಸಿದ್ರಿ" ಎಂದರು. ನಾನು ಹಾರ್ಮೋನಿಯಂ ಮುಚ್ಚಿಟ್ಟೆ. ಎರಡು ಪರೀಕ್ಷೆಯ ವಿಷಯವನ್ನು ಅಂದಿನಿಂದ ಯಾರಿಗೂ ಹೇಳಿಲ್ಲ, ಇವತ್ತೇ ಹೇಳಿದ್ದು.

ಗಂಟಲು ಸರಿಯಾದ ಮೇಲೆ ಆಕೆ ತಾನೇ ಒಂದು ಉಪಾಯ ಮಾಡಿದಳು. ಗಿರಣಿ ಓಡುವಾಗ ಚಕ್ರ ತಿರುಗಿಸುವ ಪಟ್ಟಾದ ಸದ್ದು, ಕಲ್ಲಿನ ಸದ್ದು ಸೇರಿ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಆ ಸದ್ದಿನೊಳಗೆ ಬಾಯಿ ಬಿಟ್ಟು ಹಾಡತೊಡಗಿದಳು. ಯಾರಿಗೂ ಕೇಳುವುದಿಲ್ಲ, ಯಾರೂ ನಗುವುದಿಲ್ಲ. ಹಾಡಿದ್ದು ಚಿಕ್ಕಂದಿನಲ್ಲಿ ಅವ್ವ ಬೀಸುವಾಗ ಕೇಳಿದ್ದ ಬೀಸುವ ಪದಗಳನ್ನು. ಗಿರಣಿ ಬಂದು ಬೀಸುವ ಪದಗಳನ್ನೆಲ್ಲ ನುಂಗಿಹಾಕಿತು ಎಂದು ಹಳೆಯ ಹೆಂಗಸರು ಬೈಯುತ್ತಿದ್ದರು. ಅದೇ ಗಿರಣಿಯ ಹೊಟ್ಟೆಯೊಳಗೆ ಅವನ್ನು ಒಬ್ಬಳು ಹಾಡುತ್ತಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ.

ಸಂತೆಯ ಹಿಂದಿನ ದಿನ, ಗಿರಣಿಯ ಮುಂದೆ ಡಬ್ಬಿ ಬುಟ್ಟಿಗಳ ಸಾಲು. ಹೊರಗಿನ ಕಟ್ಟೆಯ ಮೇಲೆ ಹೆಂಗಸರ ಸಾಲು. ನಾನೂ ಅವರಲ್ಲಿದ್ದೆ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಪಟ್ಟಾ ನಿಂತಿತು, ಕಲ್ಲು ನಿಂತಿತು. ಒಳಗಿನ ಹಾಡು ಮಾತ್ರ ನಿಲ್ಲಲಿಲ್ಲ. ಆಕೆ ಕಣ್ಣುಮುಚ್ಚಿ ಹಾಡುತ್ತಿದ್ದಿರಬೇಕು.

ಜ್ವಾಳ ಬೀಸೂವಾಗ ತೋಳ ನೊಂದಾವಂತ
ಹೇಳಬ್ಯಾಡ ಮಗಳ ತವರಾಗ | ಬಿಳಿ ಹಿಟ್ಟು
ನಾಳಿನ ರೊಟ್ಟಿ ನಗತಾವ

ಅದು ಏರಿಸಿದ ದನಿಯಲ್ಲ. ಯಾರೂ ಕೇಳುತ್ತಿಲ್ಲವೆಂದು ಬಿಟ್ಟ ದನಿ, ಸ್ವಲ್ಪ ದಪ್ಪಗೆ, ಮೆತ್ತಗೆ. ಕಟ್ಟೆಯ ಮೇಲಿದ್ದ ನೀಲವ್ವಜ್ಜಿ ಮಗಳಿಗೆ ಬೈಯುವಂತೆ ಗೋಡೆಗೆ ಕೂಗಿದಳು:

"ಏ, ಯಾರ ಬೇ ಅದು ಒಳಗ ಹಾಡಾಕತ್ತಾಕಿ? ಉಸಿರು ತಪ್ಪಾಕತ್ತೀಯಲ್ಲ!"

ಹಾಡು ತಟ್ಟನೆ ನಿಂತಿತು. ಆಕೆ ಬಾಗಿಲಿಗೆ ಬಂದು ನಿಂತಳು, ತಲೆಯಿಂದ ಕಾಲವರೆಗೆ ಹಿಟ್ಟು. ನೀಲವ್ವಜ್ಜಿಗೆ ಎಪ್ಪತ್ತು ದಾಟಿತ್ತು. ತೋಳಿನ ಶಕ್ತಿ ಹೋಗಿ ಅನಿವಾರ್ಯವಾಗಿ ಗಿರಣಿಗೆ ಬರುತ್ತಿದ್ದಳು, ಬಂದಾಗಲೆಲ್ಲ ಗಿರಣಿಯ ಹಿಟ್ಟಿಗೆ ರುಚಿಯಿಲ್ಲ ಎಂದು ಬೈದೇ ಹೋಗುತ್ತಿದ್ದಳು. ಊರಿನಲ್ಲಿ ಅಜ್ಜಿಯ ಬಾಯಿಗೆ ಹೆದರದವರಿಲ್ಲ. ಈಗ ಏನನ್ನುತ್ತಾಳೋ ಎಂದು ಎಲ್ಲರೂ ಕಾದರು.

"ನೀನೇನ?"

"ಹೂಂನ್ರಿ ಯಮ್ಮಾ. ನಾನ."

"ಪದ ಯಾರ ಕಲಿಸ್ಯಾರ?"

"ನಮ್ಮವ್ವ ಬೀಸುವಾಗ ತೊಡಿ ಮ್ಯಾಲ ಮಲಗಿ ಕೇಳಿದ್ದ್ರಿ."

"ಕೇಳೂದು ಬ್ಯಾರೆ, ಬೀಸೂದು ಬ್ಯಾರೆ. ಕಲ್ಲಿನ ಮುಂದ ಕುಂದರದ ಈ ಪದ ಬರಂಗಿಲ್ಲ. ನಾಳೆ ಮನಿಗೆ ಬಾ."

ಅಷ್ಟೇ. ಕರೆಂಟು ಬಂತು, ಗಿರಣಿ ಮತ್ತೆ ಶುರುವಾಯಿತು. ಸಂಜೆ ಆಕೆ ನನ್ನ ಹೊಸ್ತಿಲಿಗೆ ಓಡಿ ಬಂದಳು. "ಅಕ್ಕೋರ, ಕೇಳಿದ್ರಿಲ್ಲ? 'ಬೇ' ಅಂದ್ಲು! ಮುಖಾ ನೋಡದ ಬರೇ ದನಿ ಕೇಳಿ 'ಬೇ' ಅಂದ್ಲು!" ನಮ್ಮ ಕಡೆ ಗಂಡಸಿಗೆ ಲೇ, ಹೆಂಗಸಿಗೆ ಬೇ. ಇಪ್ಪತ್ತೆಂಟು ವರ್ಷ ಲೇ ಕೇಳಿದ್ದ ಕಿವಿಗೆ ಅಂದು ಮೊದಲ ಸಲ ಬೇ ಬಿದ್ದಿತ್ತು. ಒಂದು ಅಕ್ಷರಕ್ಕಾಗಿ ಅಷ್ಟು ಕುಣಿದವರನ್ನು ನಾನು ಒಂದನೆಯ ಇಯತ್ತೆಯ ಮಕ್ಕಳಲ್ಲೂ ಕಂಡಿಲ್ಲ. ನಾನು ಮನಸ್ಸಿನಲ್ಲಿ ಆಕೆಯನ್ನು ಆಕೆ ಎಂದದ್ದೂ ಅಂದಿನಿಂದಲೇ. ಅದಕ್ಕಿಂತ ಮೊದಲೇ ಅನ್ನಬೇಕಿತ್ತು.

ನೀಲವ್ವಜ್ಜಿಯ ಹಿತ್ತಿಲಲ್ಲಿ ಬೀಸುವ ಕಲ್ಲು ಇನ್ನೂ ಇತ್ತು. ಇಬ್ಬರೂ ಎದುರುಬದುರು ಕುಳಿತು ಒಂದೇ ಗೂಟ ಹಿಡಿಯುವರು. ಮೊದಲ ದಿನ ಆಕೆ ಅಭ್ಯಾಸಬಲದಿಂದ ದನಿ ಏರಿಸಿದಳು. ಅಜ್ಜಿ ಕಲ್ಲು ನಿಲ್ಲಿಸಿದಳು.

"ಸಣ್ಣ ದನಿ ಅಂದ್ರ ಹೆಂಗಸಿನ ದನಿ ಅಂತ ಯಾರ ಹೇಳ್ಯಾರ ನಿನಗ?"

"ಅಕ್ಕೋರು ಹೇಳ್ಯಾರ್ರಿ."

"ಆಕಿ ಪೇಟಿ ಒತ್ತಾಕಿ. ಆಕಿಗೇನ ಗೊತ್ತು?" ನಾನು ಅಲ್ಲೇ ಪಕ್ಕದಲ್ಲಿ ಕುಳಿತಿದ್ದೆ. ಅಜ್ಜಿಗೆ ಅದರ ಪರಿವೆ ಇರಲಿಲ್ಲ. "ನನ್ನ ದನಿ ಕೇಳು. ಎತ್ತು ಹೊಡಿಯೂ ದನಿ. ಹಂಗಂತ ನನ್ನ ಯಾರರ ಗಂಡಸು ಅಂದಾರೇನ? ದನಿ ಏರಸೂದ್ರಾಗಿಲ್ಲ, ಬಿಡೂದ್ರಾಗ ಐತಿ. ಗಂಡಸರು ಮಾತು ಒಗದಬಿಡತಾರ. ನಾವು ಕೈ ಹಿಡಕೊಂಡು ಓಣಿ ತುದಿಮಟ ಕಳಿಸಿ ಬರತೀವಿ."

ಇದಕ್ಕಿಂತ ಚೆನ್ನಾಗಿ ಯಾವ ಸಂಗೀತದ ಪುಸ್ತಕವೂ ನನಗೆ ಹೇಳಿಲ್ಲ. ಗೂಟ ತನ್ನ ಕಡೆ ಬರುವಾಗ ಹಾಡು, ಅತ್ತ ಹೋಗುವಾಗ ಉಸಿರು. ಕಲ್ಲು ತಿರುಗುವ ವೇಗಕ್ಕಿಂತ ಮುಂದೆ ದನಿ ಓಡುವಂತಿಲ್ಲ, ಗಂಟಲನ್ನು ಬಿಗಿಹಿಡಿದರೆ ತೋಳೂ ಬಿಗಿಯಾಗಿ ಕಲ್ಲು ನಿಲ್ಲುತ್ತದೆ. ಹೀಗಾಗಿ ಸುಳ್ಳು ದನಿಯನ್ನು ಕಲ್ಲೇ ಹಿಡಿದುಕೊಡುತ್ತಿತ್ತು. ಅಜ್ಜಿಯ ಇನ್ನೊಂದು ಪಾಠ ನನಗೆ ಬಹಳ ಹಿಡಿಸಿತು. ಪದದ ಕೊನೆಯ ಸಾಲು ಮುಗಿಯುತ್ತಿದ್ದಂತೆ, ದನಿ ಇಳಿಯುವ ಮೊದಲೇ, "ಈಗ ಅದ ಬಾಯಲೆ ಮಾತಾಡು" ಎನ್ನುವಳು. ಆಕೆ ಹಾಡಿನ ಬಾಲ ಹಿಡಿದುಕೊಂಡೇ, "ಯಮ್ಮಾ, ಜ್ವಾಳ ಇನ್ನಷ್ಟು ಹಾಕಲೇನ್ರಿ?" ಎಂದು ಕೇಳಬೇಕು. ಮೊದಮೊದಲು ಹಾಡು ಹೆಂಗಸಿನದು, ಮಾತು ಅಪ್ಪನದು ಆಗುತ್ತಿತ್ತು. "ನಿಮ್ಮಪ್ಪ ಮತ್ತ ಬಂದ, ಕಳಸ ಅವನ್ನ" ಎಂದು ಅಜ್ಜಿ ಗದರುವಳು. ತಿಂಗಳು ಕಳೆದಂತೆ ಅಪ್ಪ ಬರುವುದು ಕಡಿಮೆಯಾಯಿತು.

ಆದರೆ ಒಂದು ಎಡವಟ್ಟಾಯಿತು. ನೀಲವ್ವಜ್ಜಿಯ ಮುಂದಿನ ಹಲ್ಲುಗಳು ಎಂದೋ ಹೋಗಿದ್ದವು. ಅಜ್ಜಿಯ ಬಾಯಲ್ಲಿ ಸ ಎಲ್ಲ ಶ ಆಗುತ್ತಿತ್ತು, ಇಲ್ಲಿ ನಾನು ತಿದ್ದಿ ಬರೆದಿದ್ದೇನೆ. ಶಿಷ್ಯೆ ಗುರುವಿನಿಂದ ಏನನ್ನೂ ಬಿಡದೆ ಕಲಿತಳು. ಮೂವತ್ತೆರಡು ಗಟ್ಟಿ ಹಲ್ಲಿನ ಈಕೆ, "ಅಕ್ಕೋರ, ಶಂತಿಗೆ ಹೋಗಿ ಶೌತಿಕಾಯಿ ತಂದೆ" ಎನ್ನತೊಡಗಿದಳು. ಕೂತಲ್ಲಿಂದ ಏಳುವಾಗ ಸೊಂಟಕ್ಕೆ ಕೈಕೊಟ್ಟು, "ಯವ್ವಾ ಶಿವನ" ಎಂದು ನರಳುವುದು ಬೇರೆ. ನಾನು ನಕ್ಕು ಸಾಕಾಗಿ, "ಹೆಂಗಸೇನೋ ಆದಿ, ಆದ್ರ ಎಪ್ಪತ್ತು ವರ್ಷದಾಕಿ ಆದೆಲ್ಲ!" ಎಂದೆ. ಆಕೆಗೆ ಅದು ಅರ್ಥವೇ ಆಗಲಿಲ್ಲ. ತಾನು ಸರಿಯಾಗಿ ಕಲಿತಿದ್ದೇನೆ ಎಂದೇ ಆಕೆಯ ನಂಬಿಕೆ.

ಅರ್ಥವಾದದ್ದು ಅಜ್ಜಿಯ ಮಗಳು ಬಂದ ದಿನ. ಮಗಳನ್ನು ಹಿರೇಕೆರೂರಿಗೆ ಕೊಟ್ಟಿತ್ತು. ಹೇಳದೆ ಕೇಳದೆ ಬಂದವಳು ಅಂಗಳದಲ್ಲಿ ಕಾಲು ತೊಳೆಯುವಾಗ ಹಿತ್ತಿಲಿನಿಂದ ಅವ್ವನ ದನಿ ಕೇಳಿತು. ಅವ್ವ ಬೀಸುತ್ತಿದ್ದಾಳೆಂದು ತಿಳಿದು ಅಲ್ಲಿಂದಲೇ ಗಂಡನ ಮೇಲಿನ ದೂರು ಶುರುಮಾಡಿದಳು. ರೇಡಿಯೋ ತಂದಾಗಿನಿಂದ ಅವನಿಗೆ ಹೆಂಡತಿಯ ಮಾತೇ ಕೇಳಿಸುವುದಿಲ್ಲವಂತೆ, ಅದಕ್ಕೆ ಕೊಡುವ ಕಿವಿ ತನಗೆ ಕೊಟ್ಟಿದ್ದರೆ ಎಂದೆಲ್ಲ. ಇನ್ನೂ ಹೇಳಬಾರದ ಕೆಲವನ್ನೂ ಹೇಳಿದಳು. ಹಿತ್ತಿಲಿನಿಂದ ಉತ್ತರ ಬಂತು:

"ಶುಮ್ನಿರ ಬೇ, ಗಂಡಶರು ಎಲ್ಲಾ ಹಂಗ. ಒಳಗ ಬಾ, ನೀರ ಕುಡಿ."

ಮಗಳು ಕಣ್ಣೊರೆಸಿಕೊಂಡು ಒಳಗೆ ಬಂದು ನೋಡುತ್ತಾಳೆ, ಕಲ್ಲಿನ ಮುಂದೆ ಅಗಲ ಭುಜದ, ಲುಂಗಿಯುಟ್ಟ, ಗಿರಣಿಯಾಂವ! ಅಜ್ಜಿ ಪಕ್ಕದ ಮನೆಗೆ ಮಜ್ಜಿಗೆ ತರಲು ಹೋಗಿದ್ದಳು. ಮಗಳು ಓಣಿಗೆಲ್ಲ ಕೇಳುವಂತೆ ಚೀರಿದಳು. "ನಮ್ಮವ್ವನ ದನಿ ಕದ್ದಾನ! ಕಳ್ಳ! ನನ್ನ ಸಂಸಾರದ ಮಾತೆಲ್ಲ ಕೇಳ್ಯಾನ!" ಅಂದೇ ಸಂಜೆಯ ಬಸ್ಸು ಹಿಡಿದು ಹಿರೇಕೆರೂರಿಗೆ ಹೋದಳು. ಈ ಮನುಷ್ಯ ಬರುವ ಮನೆಗೆ ನಾನು ಕಾಲಿಡುವುದಿಲ್ಲ ಎಂದು ಅವ್ವನಿಗೆ ಹೇಳಿ ಹೋದಳು. ಅಜ್ಜಿ ಮಗಳಿಗೆ ಎಷ್ಟೋ ಸಲ ಹೇಳಿಕಳಿಸಿದಳು, ಮಗಳು ಬರಲಿಲ್ಲ.

ಆಕೆ ಎರಡು ದಿನ ಗಿರಣಿಗೂ ಹೋಗದೆ ಮಲಗಿದಳು. ನಾನು ಹೋಗಿ ಸಮಾಧಾನ ಹೇಳಿದೆ. "ಕಳ್ಳಿ ಅಂದಿದ್ರ ಇಷ್ಟ ಹತ್ತತಿರಲಿಲ್ರಿ ಅಕ್ಕೋರ. ಕಳ್ಳ ಅಂದ್ಲು" ಎಂದಳು. ಅಷ್ಟು ದುಃಖದಲ್ಲೂ ನನಗೆ ನಗು ತಡೆಯಲಾಗಲಿಲ್ಲ, ಆಮೇಲೆ ಆಕೆಗೂ.

ನೀಲವ್ವಜ್ಜಿ ಮಾತ್ರ ನಗಲಿಲ್ಲ. "ನನ್ನ ದನಿ ನನಗ ಇರ್ಲಿ ಬೇ. ದಾರಿ ತೋರಸಾಕ ಕೊಟ್ಟಿದ್ದೆ, ಇಟಗೊಳ್ಳಾಕಲ್ಲ. ನಿಂದೂ ಒಂದು ಐತಿ ಒಳಗ. ಅದನ್ನ ಹುಡುಕು" ಎಂದಳು. ಹಿರೇಕೆರೂರಿನ ಮಗಳು ಬಿಟ್ಟುಹೋದ ನೋವನ್ನು ಆ ಮುದುಕಿ ಶಿಷ್ಯೆಯ ಮೇಲೆ ತೀರಿಸಿಕೊಳ್ಳಲಿಲ್ಲ. ಅದಕ್ಕಾಗಿ ನಾನು ಅಜ್ಜಿಗೆ ಇಂದಿಗೂ ಕೈಮುಗಿಯುತ್ತೇನೆ.

ಊರಿನಲ್ಲಿ ಮಾತು ಬೆಳೆಯಿತು. ಇಷ್ಟೆಲ್ಲ ಆಸೆಯಿದ್ದರೆ ದೇವಿಯ ಗುಡಿಗೆ ಹೋಗಿ ಮುತ್ತು ಕಟ್ಟಿಸಿಕೊಂಡು ದೇವಿಯ ಹೆಸರಲ್ಲಿ ಸೀರೆ ಉಟ್ಟು ಬರಲಿ, ಜೋಗಪ್ಪ ಎಂದು ಕಾಲಿಗೆ ಬೀಳುತ್ತೇವೆ ಎಂದರು ಹಿರಿಯರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅವರಿಗೆ ಗೊತ್ತಿದ್ದ ದಾರಿ ಅದೊಂದೇ. ಆಕೆ ಅವರಿಗೆ ಕೈಮುಗಿದು, "ದೇವಿ ದೊಡ್ಡಾಕಿ. ನನಗ ಕಾಲಿಗೆ ಬೀಳಿಸ್ಕೊಳ್ಳೂದು ಬ್ಯಾಡ್ರಿ. ಬಾಜೂಕ ಕುಂದರಿಸ್ಕೊಂಡ್ರ ಸಾಕು" ಎಂದಳು.

ಸಾಹೇಬರಿಗೆ ಸವಣೂರಿನಲ್ಲೂ ಒಂದು ಗಿರಣಿಯಿತ್ತು. ಅಲ್ಲಿಗೆ ಹೋಗುತ್ತೀಯಾ ಎಂದು ಅವರೇ ಕೇಳಿದರು. ಆಕೆ ತಲೆತಗ್ಗಿಸಿ, ಅಲ್ಲಿ ಸೀರೆ ಉಡುತ್ತೇನೆ ಎಂದಳು. ಸಾಹೇಬರು ಗಡ್ಡ ನೀವಿಕೊಂಡರು.

"ನನಗ ಹಿಟ್ಟು ಸಣ್ಣ ಬಂದ್ರ ಆತು. ಲುಂಗಿ ಉಟ್ಟ ಬೀಸು, ಸೀರಿ ಉಟ್ಟ ಬೀಸು. ಸೆರಗು ಪಟ್ಟಾಕ್ಕ ಸಿಗಬಾರದು, ಅಷ್ಟ."

ಹೀಗೆ ಆಕೆ ಸವಣೂರಿಗೆ ಹೋದಳು. ಅಲ್ಲಿ ಯಾರಿಗೂ ಹಳೆಯ ಹೆಸರು ಗೊತ್ತಿರಲಿಲ್ಲ. ಸೆರಗನ್ನು ಬೆನ್ನ ಹಿಂದಿನಿಂದ ತಂದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ನೀಟಾಗಿ ಹಣೆಗೆ ಕುಂಕುಮವಿಟ್ಟು ಬೀಸಲು ನಿಂತಳು. ತಿಂಗಳೊಳಗೆ ಊರು ಆಕೆಗೆ 'ಗಿರಣಿಯಾಕಿ' ಎಂದಿತು. ಶ ಎಲ್ಲ ನಿಧಾನವಾಗಿ ಸ ಆಯಿತು, ಆಗಾಗ ಒಂದೆರಡು ಇಣುಕುತ್ತಿದ್ದವು. ಆ ಹೊತ್ತಿಗೆ ನನಗೂ ದುಂಡಸಿಗೆ ವರ್ಗವಾಗಿತ್ತು. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ತಿಂಗಳಿಗೊಮ್ಮೆ ಆಕೆಯನ್ನು ನೋಡಲು ಹೋಗುತ್ತಿದ್ದೆ. ಒಮ್ಮೆ ಇಬ್ಬರೂ ಬಸ್ಸಿನಲ್ಲಿದ್ದೆವು. ಕಂಡಕ್ಟರ್ ಆಕೆಯ ಮುಂದೆ ನಿಂತು, "ಯವ್ವಾ, ಎಲ್ಲಿಗೆ?" ಎಂದ. ಆಕೆ ಕೇಳಿಸದವಳಂತೆ ಕಿಟಕಿಯ ಹೊರಗೆ ನೋಡಿದಳು. "ಯವ್ವಾ, ಎಲ್ಲಿಗೆ ಬೇ?" ಎಂದು ಅವನು ಮತ್ತೆ ಕೂಗಿದ ಮೇಲೆ ಸವಣೂರು ಎಂದಳು. ಅವನು ಆಚೆ ಹೋದ ಮೇಲೆ, "ಕೇಳಿಸಲಿಲ್ಲೇನ?" ಎಂದೆ. "ಕೇಳಿಸಿತ್ರಿ. ಇನ್ನೊಮ್ಮೆ ಕೇಳೂ ಆಸೆ ಆತು" ಎಂದಳು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನೀಲವ್ವಜ್ಜಿ ತೀರಿಕೊಂಡಳು. ಮಣ್ಣು ಕೊಡಲು ಆಕೆ ಹೋಗಲಿಲ್ಲ. ಹಿರೇಕೆರೂರಿನ ಮಗಳು ಇರುತ್ತಾಳೆ, ಅವ್ವನನ್ನು ಕಳಕೊಂಡವಳ ಮುಂದೆ ಹೋಗಿ ನಿಂತು ಮತ್ತೆ ನೋಯಿಸಬಾರದು ಎಂದಳು. ಸವಣೂರಿನ ತನ್ನ ಕೋಣೆಯಲ್ಲಿ ಕುಳಿತು ಒಬ್ಬಳೇ ಅತ್ತಳು.

ಒಂದು ವರ್ಷದ ಮೇಲೆ ಅದೇ ಮಗಳು ಸವಣೂರಿನ ಗಿರಣಿಯ ಮುಂದೆ ಬಂದು ನಿಂತಳು. ಕೈಯಲ್ಲಿ ಲಗ್ನಪತ್ರಿಕೆ. ಅಂದು ನಾನೂ ಅಲ್ಲಿದ್ದೆ. ಆಕೆ ಗಿರಣಿ ಬಂದ್ ಮಾಡಿ ಹೊರಗೆ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು.

"ಮಗಳ ಲಗ್ನ ಐತಿ" ಎಂದಳು ಹಿರೇಕೆರೂರಿನಾಕೆ. "ನಮ್ಮವ್ವ ಹಾಡತಿದ್ದ ಸೋಬಾನ ಪದ ಯಾರಿಗೂ ಪೂರಾ ಬರೂದಿಲ್ಲ. ನಾ ಕಲೀಲಿಲ್ಲ, ಸಿಟ್ಟು ಮಾಡ್ಕೊಂಡ ದೂರ ಉಳದೆ. ನಿನ್ನ ಹತ್ರ ಎಲ್ಲಾ ಅದಾವಂತ. ನಮ್ಮವ್ವನ ದನೀನೂ ಐತೆಲ್ಲ. ತಗೊಂಡ ಬಾ ಬೇ."

ಅಷ್ಟು ಹೇಳಿ ಪತ್ರಿಕೆ ಕೈಗಿಟ್ಟು ನಡೆದುಬಿಟ್ಟಳು. ಆಕೆ ಪತ್ರಿಕೆಯನ್ನು ಹಿಟ್ಟಿನ ಕೈಯಲ್ಲೇ ಹಿಡಿದು ನಿಂತಿದ್ದಳು.

ಆದರೆ ಹೆದರಿದಳು. "ಅಲ್ಲಿಗೆ ಅಕ್ಕಿಆಲೂರಿನ ಮಂದಿ ಬರತಾರ್ರಿ ಅಕ್ಕೋರ. ಬೀಗರ ಮುಂದ ಯಾರರ ಹಳೇ ಹೆಸರಲೆ ಕೂಗಿದ್ರ? ನನ್ನ ಮರ್ಯಾದಿ ಹೋಗ್ಲಿ, ಆ ಹುಡುಗಿ ಲಗ್ನದ ಮನಿಗೆ ಮಾತು ಬರತೈತಿ." ಎಂಟೊಂಬತ್ತು ವರ್ಷ ಕಷ್ಟಪಟ್ಟು ಕಟ್ಟಿಕೊಂಡದ್ದನ್ನೆಲ್ಲ ಒಂದು ಕೂಗು ಕೆಡವಬಹುದಿತ್ತು. ನಾನೂ ಬರುತ್ತೇನೆ ಎಂದಷ್ಟೇ ಹೇಳಿದೆ.

ಹಿರೇಕೆರೂರಿನ ಮದುವೆ ಮನೆಯಲ್ಲಿ ಅರಿಷಿಣದ ಶಾಸ್ತ್ರ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಸುತ್ತ ಕಂಬಳಿ ಹಾಸಿ ಹೆಂಗಸರು ಕುಳಿತಿದ್ದರು. ಆಕೆ ಕಂಬಳಿಯ ತೀರಾ ಅಂಚಿನಲ್ಲಿ ಕುಳಿತಳು, ಬೇಕಾದರೆ ಎದ್ದು ಓಡಲು ಅನುಕೂಲವಾಗುವಂತೆ. ಅಕ್ಕಿಆಲೂರಿನಿಂದ ಬಂದ ಒಬ್ಬ ಹಿರಿಯ ಆಕೆಯನ್ನು ಗುರುತಿಸಿದ. ಹುಡುಗಿಯ ತಾಯಿಯನ್ನು ಬದಿಗೆ ಕರೆದು, "ಹೆಂಗಸರ ನಡುವ ಇದನ್ಯಾಕ ಕುಂದರಿಸೀರಿ? ಎಬ್ಬಸ್ರಿ" ಎಂದ. ನಾನು ಅವರ ಹತ್ತಿರವೇ ಇದ್ದೆ.

ನೀಲವ್ವಜ್ಜಿಯ ಮಗಳು ದನಿ ಎತ್ತಲಿಲ್ಲ. "ಈಗ ಅಲ್ಲಿ ಕುಂತು ಹಾಡಾಕಿ ನಮ್ಮವ್ವ. ನಮ್ಮವ್ವನ್ನ ಎಬ್ಬಸೂ ಧೈರ್ಯ ನಿಮಗ ಇದ್ರ ನೀವ ಹೋಗಿ ಎಬ್ಬಸ್ರಿ ಕಾಕಾ" ಎಂದಳು. ನೀಲವ್ವಜ್ಜಿಯ ಬಾಯಿಯ ರುಚಿ ಆ ಕಾಕಾನಿಗೂ ಗೊತ್ತಿದ್ದಿರಬೇಕು. ಸಾರು ಆಯಿತೇ ನೋಡುತ್ತೇನೆ ಎಂದು ಅಡಿಗೆಯ ಕಡೆ ಹೋದ.

ಹಾಡು ಶುರುವಾಯಿತು. ಮೊದಲ ಪದವನ್ನು ಆಕೆ ನೀಲವ್ವಜ್ಜಿಯ ದನಿಯಲ್ಲೇ ಎತ್ತಿಕೊಂಡಳು, ಶೋಬಾನ ಎಂದು ಹಲ್ಲಿಲ್ಲದ ಬಾಯಿಯಲ್ಲೇ. ಅಜ್ಜಿಯನ್ನು ಬಲ್ಲ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ನಕ್ಕ ಬಾಯಿಗೇ ಸೆರಗು ಒತ್ತಿಕೊಂಡು ಅತ್ತರು. ಮಗಳು ಕಂಬಕ್ಕೆ ಒರಗಿ ನಿಂತು ಬಿಕ್ಕಿದಳು. ಕೊಡಬೇಕಾದ್ದನ್ನು ಕೊಟ್ಟಾಯಿತು ಎಂಬಂತೆ ಆಕೆ ಒಂದು ಗುಟುಕು ನೀರು ಕುಡಿದು ಎರಡನೆಯ ಪದ ಹಿಡಿದಳು.

ಬಾಗಲಕ ಬಂದಾರ ಬೀಗರು ಬಳಗೆಲ್ಲ
ಹೋಗೂ ಮಗಳೀಗಿ ಹರಸ್ಯಾರ | ಸೋಬಾನ
ಕೂಗಿ ಹೇಳವ್ವ ಊರೀಗಿ

ಈ ದನಿ ಅಜ್ಜಿಯದಾಗಿರಲಿಲ್ಲ. ಆಕೆಯ ಅಪ್ಪನದೂ ಅಲ್ಲ, ನಾಟಕದ್ದೂ ಅಲ್ಲ, ನನ್ನ ಕರಿ ಐದರದ್ದಂತೂ ಅಲ್ಲವೇ ಅಲ್ಲ. ನಾಲ್ವತ್ತರ ಹತ್ತಿರ ಬಂದ, ಗಟ್ಟಿಮುಟ್ಟಾದ, ಸ್ವಲ್ಪ ತುಂಟಿಯಾದ ಒಬ್ಬ ಹೆಂಗಸಿನ ದನಿ. ಅದು ಯಾರದೆಂದು ತಿಳಿಯಲು ನನಗೇ ಒಂದು ಕ್ಷಣ ಹಿಡಿಯಿತು. ಅದು ಆಕೆಯ ಸ್ವಂತದ್ದು.

ಗಂಡಿನ ಕಡೆಯ ಒಬ್ಬ ಹಿರಿಯ ಬೀಗಿತ್ತಿ ಮದುಮಗಳ ಪಕ್ಕದಲ್ಲಿ ಕುಳಿತಿದ್ದಳು. ಹುಡುಗಿಯ ಕಿವಿಯ ಹತ್ತಿರ ಬಗ್ಗಿ, ಆದರೆ ಎಲ್ಲರಿಗೂ ಕೇಳುವಂತೆ, "ಭಾಳ ಚಂದ ಹಾಡತಾಳ ಬೇ. ಯಾರು ಈಕಿ? ನಿಮಗೇನಾಗಬೇಕು?" ಎಂದಳು.

ಹುಡುಗಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಮುಖದ ತುಂಬ ಅರಿಷಿಣ, ಬಗ್ಗಿಸಿದ ತಲೆ. ಎತ್ತದೆಯೇ ಹೇಳಿದಳು:

"ಚಿಗವ್ವ ಆಗಬೇಕ್ರಿ. ನಮ್ಮವ್ವನ ತಂಗಿ."

ಹಾಡು ನಿಂತಿತು. ಆಕೆ ಬಾಯಿ ತೆರೆದುಕೊಂಡೇ ಕುಳಿತಿದ್ದಳು, ಮುಂದಿನ ಸಾಲು ಬರಲಿಲ್ಲ. ಮದುಮಗಳು ತಲೆ ಎತ್ತಿ ನೋಡಿ, "ಚಿಗವ್ವಾ, ಮುಂದ?" ಎಂದಳು.

"ಮರತೆ ಬೇ" ಎಂದಳು ಆಕೆ.